ಸಹಾಯ ಬೇಕು: ತುಮಕೂರಿನಲ್ಲಿ ಸಿಎ ವಿರುದ್ಧ ದೂರು ಕೊಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿ ಕಡೆ ನಮ್ಮ ಭಾವನವರದ್ದು ರಟ್ಟಿನ ಡಬ್ಬ ಮಾಡುವ ಸಣ್ಣ ಫ್ಯಾಕ್ಟರಿ ಇದೆ. ಜಿಎಸ್‌ಟಿ ನೋಡಿಕೊಳ್ಳುತ್ತಿದ್ದ ಸಿಎ ಫೀಸು ತೆಗೆದುಕೊಂಡೂ ತಿಂಗಳುಗಟ್ಟಲೆ 3ಬಿ ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕ) ಹಾಕಿಲ್ಲ. ಕೇಳಿದಾಗಲೆಲ್ಲ ವಾಟ್ಸಾಪ್‌ನಲ್ಲಿ "ಆಗಿದೆ ಸಾರ್" ಅಂದಿದ್ದಾರೆ. ಈಗ ಇಲಾಖೆ ನೋಟಿಸ್ ಬಂದಿದೆ. ಲೇಟ್ ಫೀ ದಿನಕ್ಕೆ 50 ರೂಪಾಯಿ ಲೆಕ್ಕ, ಜೊತೆಗೆ ತೆರಿಗೆ ಮೇಲೆ ವರ್ಷಕ್ಕೆ ಶೇ 18 ಬಡ್ಡಿ.

ವಿಚಾರಿಸಿದ ಮಟ್ಟಿಗೆ, ಸಿಎ ಇನ್‌ಸ್ಟಿಟ್ಯೂಟ್‌ಗೆ ಫಾರ್ಮ್ 1ರಲ್ಲಿ ದೂರು ಕೊಡಬೇಕು. ಅಲ್ಲಿನ ಶಿಸ್ತು ನಿರ್ದೇಶಕರು ಸಿಎ ಅವರ ಉತ್ತರ ಕೇಳಿ, ಮೇಲ್ನೋಟಕ್ಕೆ ತಪ್ಪಿದೆಯಾ ನೋಡುತ್ತಾರೆ. ಗಂಭೀರ ನಿರ್ಲಕ್ಷ್ಯ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಶೆಡ್ಯೂಲಿಗೆ (ತಪ್ಪುಗಳ ಪಟ್ಟಿಗೆ) ಬರುವುದರಿಂದ ಶಿಸ್ತು ಸಮಿತಿ ವಿಚಾರಣೆ ಮಾಡುತ್ತದೆ. ಸದಸ್ಯತ್ವ ಹೋಗಬಹುದು, ದಂಡ ಬೀಳಬಹುದು. ಆದರೆ ನಮ್ಮ ನಷ್ಟದ ದುಡ್ಡು ಅಲ್ಲಿಂದ ಬರುವುದಿಲ್ಲ, ಭಾವನವರಿಗೆ ಬೇಕಿರುವುದು ಅದೇ! (ಬೋರ್ಡ್ ಹಾಕಿದವರೆಲ್ಲ ಸಿಎ ಅಲ್ಲ, ಬರೀ ಟ್ಯಾಕ್ಸ್ ಕನ್ಸಲ್ಟೆಂಟ್ ಆದರೆ ಈ ದಾರಿಯೇ ಇಲ್ಲ. ಇವರು ಸಿಎನೇ, ಸದಸ್ಯತ್ವ ಸಂಖ್ಯೆ ನೋಡಿದ್ದೇವೆ.)

ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ಆದರೆ "ವ್ಯಾಪಾರಕ್ಕೆ ಪಡೆದ ಸೇವೆ, ನೀವು ಗ್ರಾಹಕರೇ ಅಲ್ಲ" ಅಂತ ಎದುರು ವಕೀಲರು ವಾದಿಸುತ್ತಾರಂತೆ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಅಂತ ತೋರಿಸಿದರೆ ನಮ್ಮ ದೂರು ಉಳಿಯುತ್ತದಾ? ಇಲ್ಲಾ ಸಿವಿಲ್ ಕೋರ್ಟೇ ವಾಸಿನಾ? ಇನ್‌ಸ್ಟಿಟ್ಯೂಟ್, ಗ್ರಾಹಕರ ಆಯೋಗ ಎರಡೂ ಕಡೆ ಒಟ್ಟಿಗೆ ದೂರು ಕೊಟ್ಟವರು ಇದ್ದರೆ ಹೇಳಿ. ವಾಟ್ಸಾಪ್ ಮೆಸೇಜನ್ನು ಸಾಕ್ಷಿಯಾಗಿ ಕೊಡಲು ಯಾವ ಸರ್ಟಿಫಿಕೇಟ್ ಬೇಕು? ಇಂಥ ಕೇಸು ನೋಡುವ ವಕೀಲರು ತುಮಕೂರಿನಲ್ಲಿ ಇದ್ದರೆ ಇನ್‌ಬಾಕ್ಸ್ ಮಾಡಿ. ಸಿಎ ಹೆಸರು ಮಾತ್ರ ದಯವಿಟ್ಟು ಕೇಳಬೇಡಿ.