ಗೂಡ್ಸ್ ಹಳಿಗೆ ರೊಕ್ಕ ಯಾರು ಹಾಕ್ಬೇಕು?

(ಕಾಲೇಜಿನ ಹಳೇ ವಿದ್ಯಾರ್ಥಿಗಳ ಗುಂಪು, ಹುಬ್ಬಳ್ಳಿ)

ವೀರೇಶ: [ಫಾರ್ವರ್ಡ್] "ಗೂಡ್ಸ್ ಲೈನ್ ಎಲ್ಲಾ ಖಾಸಗಿಯವರಿಗೆ ಕೊಡಿ." ಖರೇ ಐತಿ ನೋಡ್ರಿ. ಸರ್ಕಾರದ್ದು ನಂಬ್ಕೊಂಡು ಹುಬ್ಬಳ್ಳಿ–ಅಂಕೋಲಾ ರೈಲು ಲೈನ್ ಏನಾತು?

ಶಕುಂತಲಾ: ಅಂಕೋಲಾ ನಿಂತಿದ್ದು ರೊಕ್ಕಕ್ಕಲ್ಲ ತಮ್ಮಾ, ಕಾಡಿನ ಪರವಾನಗಿಗೆ. ಖಾಸಗಿಯವ ಬಂದ ಅಂತ ಘಟ್ಟ ಸರಿದು ದಾರಿ ಬಿಡ್ತೈತೇನು?

ಇಸ್ಮಾಯಿಲ್: ಖಾಸಗಿ ರೊಕ್ಕ ಗುಜರಾತದ ಪಿಪಾವಾವ್ ಬಂದರಿನ ಹಳಿಗೆ ಬಂತು. ಸುರೇಂದ್ರನಗರದಿಂದ ಬಂದರ ತನಕ ಸುಮಾರು 270 ಕಿ.ಮೀ., ಅರ್ಧ ಪಾಲು ರೈಲ್ವೆದು, ಅರ್ಧ ಬಂದರು ಕಂಪನಿದು. ಹಳಿ ಇಲ್ಲಂದ್ರ ಅವ್ರ ಬಂದರೇ ನಡಿಯಂಗಿಲ್ಲ, ಅದಕ್ಕ ಹಾಕಿದ್ರು.

ವೀರೇಶ: ಹಂಗಾದ್ರ ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಗೋವಾದಿಂದ ಕಲ್ಲಿದ್ದಲು ತರಿಸೋರು ಹಾಕ್ಲಿ ಅಕ್ಕಾರ.

ಶಕುಂತಲಾ: ಎಲ್ಲಿ ಹಾಕ್ತಾರ? ಗೋವಾ ಘಟ್ಟದಾಗ ಕುಳೆಂ–ಕ್ಯಾಸಲ್‌ರಾಕ್ ನಡುವ ಏರು 1:37, ಅಂದ್ರ 37 ಮೀಟರ್ ಹೋದ್ರ 1 ಮೀಟರ್ ಏರು. ತುಂಬಿದ ರೇಕಿಗೆ (ಇಡೀ ಗೂಡ್ಸ್ ಗಾಡಿಗೆ) ಹಿಂದ ಬ್ಯಾಂಕರ್ ಇಂಜಿನ್ ಹಚ್ಚಿ ತಳ್ಳಬೇಕು. ಮ್ಯಾಲ ಮುಟ್ಟಿಸಿ ಆ ಬ್ಯಾಂಕರ್ ವಾಪಸ್ ಇಳಿಯೂದೂ ಅದೇ ಒಂಟಿ ಹಳಿ ಮ್ಯಾಲ. ಒಂದು ರೇಕ್ ಏರಿಸಾಕ ಎರಡು ಸಲ ಆ ಹಳಿ ಹಿಡಿದಂಗ. ನಡುವ ಪ್ಯಾಸೆಂಜರ್ ಗಾಡಿ, ಮಳಿಗಾಲದಾಗ ಗುಡ್ಡ ಕುಸಿತ. ಅಲ್ಲಿ ಡಬ್ಲಿಂಗ್‌ಗೆ, ಅಂದ್ರ ಎರಡನೇ ಹಳಿಗೆ, ಸರ್ಕಾರದ್ದೇ ರೊಕ್ಕ ಇತ್ತು. 2022ರಾಗ ಸುಪ್ರೀಂ ಕೋರ್ಟ್ ವನ್ಯಜೀವಿ ಮಂಡಳಿ ಒಪ್ಪಿಗೆನ ರದ್ದು ಮಾಡ್ತು.

ವೀರೇಶ: ಮತ್ತ ಖಾಸಗಿಯವ ಏನ್ ಮಾಡಬೇಕು, ಚಹಾ ಮಾರಬೇಕೇನು? 😄

ಇಸ್ಮಾಯಿಲ್: ಮಾಲು ಏರಿಸಿ ಇಳಿಸೋ ಟರ್ಮಿನಲ್ ಕಟ್ಲಿ ದೋಸ್ತ. 2021ರ ಗತಿ ಶಕ್ತಿ ಕಾರ್ಗೋ ಟರ್ಮಿನಲ್ ನೀತಿಯಾಗ ಹಳಿ ಕೂಡಿಸಾಕ ಬೇಕಾದ ರೈಲ್ವೆ ಜಾಗಕ್ಕ ಲೈಸೆನ್ಸ್ ಫೀ ಇಲ್ಲ. ತೊಡಕು ಬ್ಯಾರೆ ಐತಿ. ಜಾಗ ಉಳಿಸಾಕ ಹೋಗಿ 400 ಮೀಟರ್ ಸೈಡಿಂಗ್ (ಗಾಡಿ ನಿಲ್ಲಿಸಿ ಮಾಲು ತುಂಬೋ ಬದಿಯ ಹಳಿ) ಹಾಕ್ತಾರ. ಕಲ್ಲಿದ್ದಲು ಒಯ್ಯೋ ಬಾಕ್ಸ್‌ಎನ್ ಅನ್ನೋ 58 ತೆರೆದ ವ್ಯಾಗನ್ನೇ 620 ಮೀಟರ್ ಆಗ್ತಾವ. ಇಂಜಿನ್, ಗಾರ್ಡ್ ಇರೋ ಬ್ರೇಕ್ ವ್ಯಾನ್ ಹಿಡಿದ್ರ 700ರ ಹತ್ರ. ಇಂಜಿನ್ ಬಿಡಿಸ್ಕೊಂಡು ಬರಾಕ ಎಸ್ಕೇಪ್ ಲೈನ್ ಅಂತ ಇನ್ನೊಂದು ಹಳಿ ಬ್ಯಾರೆ ಬೇಕು. ಸೈಡಿಂಗ್ ಗಿಡ್ಡ ಆದ್ರ ರೇಕ್ ಎರಡು ತುಂಡು ಮಾಡಿ ಹಿಂದ ಮುಂದ ಸರಿಸೋ ಶಂಟಿಂಗ್. ಅಷ್ಟೊತ್ತಿಗೆ ತುಂಬಾಕ, ಇಳಿಸಾಕ ಕೊಟ್ಟ ಫ್ರೀ ಟೈಮ್ ಮುಗದು ಡೆಮರೇಜ್ (ತಡ ಆದದ್ದಕ್ಕ ದಂಡ) ಓಡಾಕ ಚಾಲೂ.

ಮಂಜುನಾಥ: ಹಾವೇರಿ ಕಡೆ ಒಂದ್ ಟರ್ಮಿನಲ್ ಆದ್ರ ಬ್ಯಾಡಗಿ ಮೆಣಸಿನಕಾಯಿ ಕಳಸಬಹುದಲ್ರೀ?

ಶಕುಂತಲಾ: ಮೆಣಸಿನಕಾಯಿ ಹಗೂರ್ರೀ ಮಂಜಣ್ಣ. ವ್ಯಾಗನ್ ತುಂಬತೈತಿ, ತೂಕ ತುಂಬಂಗಿಲ್ಲ. ಬಾಡಿಗಿ ಮಾತ್ರ ಕನಿಷ್ಠ ತೂಕದ ಲೆಕ್ಕಕ್ಕ ಕಟ್ಟಬೇಕು. ಮ್ಯಾಲ ಒಂದೇ ಊರಿಗೆ ಅಷ್ಟೂ ಚೀಲ ಒಂದೇ ದಿನ ಯಾರು ಕೂಡಿಸ್ತಾರ? ಅದಕ್ಕ ಲಾರಿನ ಪಾಡ. ಗೋವಿನಜೋಳ ಆದ್ರ ತೂಕ ಬರ್ತೈತಿ.

ಮಂಜುನಾಥ: ತುಂಬೂವಾಗ ಮಳಿ ಬಂದ್ರ?

ಇಸ್ಮಾಯಿಲ್: ಅದಕ್ಕ ರೇಕಿನ ಉದ್ದಕ್ಕೂ ಶೆಡ್ ಬೇಕ್ರೀ. ಖಾಸಗಿಯವ ಎಸ್ಟಿಮೇಟ್‌ದಾಗ ಮೊದಲು ಹೊಡೆದು ಹಾಕೂದೂ ಅದನ್ನ.