ಡೆಲ್ರಿನ್‌ನ ತೆಳು ಗೋಡೆಯ ಭಾಗಕ್ಕೆ ಯಾವ ಕಟಿಂಗ್ ಟೂಲ್ ಸೂಕ್ತ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಸಿಎನ್‌ಸಿ ಲೇತ್ ಮತ್ತು ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್) ಇಟ್ಟುಕೊಂಡು ಇಲ್ಲಿಯವರೆಗೆ ಉಕ್ಕು, ಅಲ್ಯೂಮಿನಿಯಂ ಕೆಲಸವನ್ನಷ್ಟೇ ಮಾಡಿಕೊಂಡು ಬಂದಿದ್ದೇವೆ. ಈಗ ಮೊದಲ ಬಾರಿಗೆ ಡೆಲ್ರಿನ್ (ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್) ಆರ್ಡರ್ ಬಂದಿದೆ. ಲೋಟದ ಆಕಾರದ ಭಾಗ. ಹೊರವ್ಯಾಸ 60 ಮಿ.ಮೀ., ಬೋರ್ (ಒಳಗಿನ ರಂಧ್ರ) 57.6 ಮಿ.ಮೀ., ಅಂದರೆ ಗೋಡೆಯ ದಪ್ಪ 1.2 ಮಿ.ಮೀ. ಮಾತ್ರ. ಬೋರಿನ ಟಾಲರೆನ್ಸ್ (ಒಪ್ಪುವ ವ್ಯತ್ಯಾಸ) ±0.05 ಮಿ.ಮೀ. ಗೋಡೆಯಲ್ಲಿ ಎರಡು ಕಿಟಕಿಗಳನ್ನೂ ತೆಗೆಯಬೇಕು. ಉಕ್ಕಿಗೆ ಬಳಸುವ, ಕೋಟಿಂಗ್ ಇರುವ ನಾಲ್ಕು ಫ್ಲೂಟಿನ (ಕತ್ತರಿಸುವ ಹಲ್ಲಿನ) 6 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ಲನ್ನೇ (ತಿರುಗುತ್ತಾ ಕತ್ತರಿಸುವ ಟೂಲ್) 8000 ಆರ್‌ಪಿಎಂನಲ್ಲಿ, ನಿಮಿಷಕ್ಕೆ 600 ಮಿ.ಮೀ. ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕೊಟ್ಟು ಓಡಿಸಿದೆ. ಕಿಟಕಿಯ ಅಂಚಿನಲ್ಲಿ ಪ್ಲಾಸ್ಟಿಕ್ ಕರಗಿ ಮೇಣದಂತೆ ಮೆತ್ತಿಕೊಂಡಿತು. ಬೋರಿನದು ಇನ್ನೂ ದೊಡ್ಡ ಗೊಂದಲ: ಬೋರ್ ಗೇಜನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅಳತೆ ಸರಿಯಿದೆ, ಆದರೆ ಪ್ಲಗ್ ಗೇಜ್ (ಅಳತೆಗೆ ಸರಿಯಾಗಿ ಮಾಡಿದ ದುಂಡು ಸರಳು) ಒಳಗೆ ಹೋಗುತ್ತಿಲ್ಲ. ಯಾವ ಟೂಲ್ ತರಿಸಲಿ?

ಉತ್ತರ 1:
ಸರ್, ಕಿಟಕಿಯ ತೊಂದರೆಗೆ ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. ಆ ಫೀಡನ್ನು ನಾಲ್ಕು ಹಲ್ಲಿಗೆ ಹಂಚಿದರೆ ಒಂದೊಂದಕ್ಕೆ ಸಿಗುವುದು 0.02 ಮಿ.ಮೀ.ಗಿಂತಲೂ ಕಡಿಮೆ. ಕೋಟಿಂಗಿನಿಂದ ತುಸು ದುಂಡಾದ ಅಂಚು ಅಷ್ಟು ತೆಳುವಾದ ಪದರವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಅಲ್ಯೂಮಿನಿಯಂನಲ್ಲಿ ಆ ಬಿಸಿ ಒಳಕ್ಕೆ ಹರಿದುಹೋಗುತ್ತದೆ. ಡೆಲ್ರಿನ್ ಅದಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖವನ್ನು ಸಾಗಿಸುವುದರಿಂದ ಬಿಸಿಯೆಲ್ಲ ಅಂಚಿನಲ್ಲೇ ನಿಲ್ಲುತ್ತದೆ, 175 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ವಸ್ತುವೇ ಕರಗುತ್ತದೆ. ಪ್ಲಾಸ್ಟಿಕ್‌ಗೆಂದೇ ಬರುವ, ಕೋಟಿಂಗ್ ಇಲ್ಲದ, ಪಾಲಿಶ್ ಮಾಡಿದ ಒಂದೇ ಫ್ಲೂಟಿನ ಕಾರ್ಬೈಡ್ ಎಂಡ್ ಮಿಲ್ ತರಿಸಿ. ವೇಗ, ಫೀಡ್ ಎರಡನ್ನೂ ಬದಲಿಸದಿದ್ದರೂ ಹಲ್ಲಿಗೆ 0.075 ಮಿ.ಮೀ. ಸಿಗುತ್ತದೆ, ಚಿಪ್ ದಪ್ಪವಾಗಿ ಬಂದು ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ. ಕ್ಲೈಂಬ್ ಮಿಲ್ಲಿಂಗ್ (ಹಲ್ಲು ದಪ್ಪ ಚಿಪ್‌ನಿಂದ ಶುರುಮಾಡಿ ತೆಳುವಿಗೆ ಬರುವ ವಿಧಾನ) ಮಾಡಿ, ಗಾಳಿ ಊದಿ ಚಿಪ್ ಹೊರಹಾಕಿ. ಕಣ್ಣು ಉರಿಸುವ ವಾಸನೆ ಬಂದರೆ ಕೂಡಲೇ ಮಷಿನ್ ನಿಲ್ಲಿಸಿ. ಡೆಲ್ರಿನ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಬಿಡುತ್ತದೆ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಬೋರಿನ ತೊಂದರೆ ಟೂಲಿನಿಂದ ಮಾತ್ರ ಆದದ್ದಲ್ಲ. ಮೂರು ಜಾ ಚಕ್ (ಭಾಗವನ್ನು ಮೂರು ದವಡೆಗಳಿಂದ ಹಿಡಿಯುವ ಲೇತಿನ ಹಿಡಿಕೆ) ಗೋಡೆಯನ್ನು ಮೂರು ಕಡೆ ಒಳಕ್ಕೆ ಒತ್ತಿರುತ್ತದೆ, ನೀವು ಆ ಸ್ಥಿತಿಯಲ್ಲೇ ದುಂಡಗೆ ಬೋರ್ ಮಾಡುತ್ತೀರಿ, ಬಿಚ್ಚಿದೊಡನೆ ಗೋಡೆ ತನ್ನ ಜಾಗಕ್ಕೆ ಮರಳಿ ಬೋರ್ ಮೂರು ಮೂಲೆಯದಾಗುತ್ತದೆ. ಅಂತಹ ಆಕಾರದಲ್ಲಿ ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬರುವುದರಿಂದ, ಎರಡು ಬಿಂದುಗಳಲ್ಲಿ ಅಳೆಯುವ ಬೋರ್ ಗೇಜ್ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸುತ್ತದೆ. ಪ್ಲಗ್ ಗೇಜ್ ಹೇಳುತ್ತಿರುವುದೇ ನಿಜ. ಹೊರವ್ಯಾಸಕ್ಕೆ ಸರಿಯಾಗಿ ಬೋರ್ ಮಾಡಿದ, ಸುತ್ತಲೂ ತಬ್ಬಿಕೊಳ್ಳುವ ಅಗಲವಾದ ಸಾಫ್ಟ್ ಜಾ (ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳಬಹುದಾದ ಮೆದು ದವಡೆ) ಹಾಕಿ, ಒತ್ತಡ ಆದಷ್ಟು ಇಳಿಸಿ.

ಇನ್ಸರ್ಟ್ (ಲೇತ್ ಟೂಲಿನ ತುದಿಗೆ ಹಾಕುವ, ಬದಲಿಸಬಹುದಾದ ಕತ್ತರಿಸುವ ಚೂರು) ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂಗೆಂದು ಗ್ರೈಂಡ್ ಮಾಡಿರುವ, ಪಾಸಿಟಿವ್ ರೇಕ್‌ನ (ಚೂಪಾಗಿ ಓರೆಯಿರುವ) ಸಿಸಿಜಿಟಿ ಎಂಬ ಮಾದರಿಯ ಇನ್ಸರ್ಟ್ ನಿಮ್ಮಲ್ಲಿ ಆಗಲೇ ಇರಬಹುದು. ನೋಸ್ ರೇಡಿಯಸ್ (ತುದಿಯ ದುಂಡು) 0.2 ಮಿ.ಮೀ. ಇರುವುದನ್ನು ಆರಿಸಿ. ದೊಡ್ಡ ರೇಡಿಯಸ್ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ತಳ್ಳಿಸಿಕೊಂಡ ಗೋಡೆ ಟೂಲ್ ದಾಟಿದ ಮೇಲೆ ಹಿಂದಕ್ಕೆ ಬರುತ್ತದೆ. ರಫಿಂಗ್ (ಮೊದಲ ಒರಟು ಕಟಿಂಗ್) ಮುಗಿಸಿ ಭಾಗವನ್ನು ಒಂದು ರಾತ್ರಿ ಬಿಟ್ಟು, ಮರುದಿನ ಫಿನಿಶಿಂಗ್ ಮಾಡಿ. ಮಷಿನ್‌ನಿಂದ ತೆಗೆದ ಬಿಸಿಯಲ್ಲೇ ಅಳೆಯಬೇಡಿ: 10 ಡಿಗ್ರಿ ವ್ಯತ್ಯಾಸಕ್ಕೆ ಈ ಬೋರ್ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ, ನಿಮ್ಮ ಟಾಲರೆನ್ಸ್ ಅದರಲ್ಲೇ ಮುಗಿದುಹೋಗುತ್ತದೆ.

ಉತ್ತರ 3:
ಸಂಖ್ಯೆ ಕಡಿಮೆಯಿದ್ದರೆ ಹೊಸ ಇನ್ಸರ್ಟ್ ಇಲ್ಲದೆಯೂ ನಡೆಯುತ್ತದೆ. ಚೆನ್ನಾಗಿ ಸಾಣೆ ಹಿಡಿದು, ಎಣ್ಣೆಕಲ್ಲಿನಲ್ಲಿ ಅಂಚು ತೀಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬೋರಿಂಗ್ ಟೂಲ್ ಡೆಲ್ರಿನ್‌ನಲ್ಲಿ ಬಹಳ ಹಗುರವಾಗಿ ಕತ್ತರಿಸುತ್ತದೆ. ಇಷ್ಟು ತೆಳುವಾದ ಗೋಡೆಗೆ ನಾನು ಇಂದಿಗೂ ಅದನ್ನೇ ನಂಬುತ್ತೇನೆ. ಗ್ಲಾಸ್ ಫಿಲ್ಡ್ (ಗಾಜಿನ ನಾರು ಬೆರೆಸಿದ) ಪ್ಲಾಸ್ಟಿಕ್‌ಗೆ ಮಾತ್ರ ಇದು ಬೇಡ, ಅಂಚು ಬೇಗ ಸವೆದುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮೊದಲು ಸಾಫ್ಟ್ ಜಾ ಮಾಡಿಸಿ, ಇರುವ ಅಲ್ಯೂಮಿನಿಯಂ ಇನ್ಸರ್ಟಿನಿಂದಲೇ ಎರಡು ಭಾಗ ತೆಗೆದು, ತಣ್ಣಗಾದ ಮೇಲೆ ಪ್ಲಗ್ ಗೇಜ್ ಹಾಕಿ ನೋಡುತ್ತೇನೆ. ಒಂದು ಫ್ಲೂಟಿನ ಎಂಡ್ ಮಿಲ್ಲಿಗೆ ಇಂದೇ ಆರ್ಡರ್ ಕೊಡುತ್ತಿದ್ದೇನೆ.