‘ವೇಗ’ ಒಂದೇ ಸಾಕಾ? ಬ್ಯಾಂಡ್‌ವಿಡ್ತ್, ಲೇಟೆನ್ಸಿಗೆ ಪದ ಬೇಕಿತ್ತು

ಎಲ್ರಿಗೂ ನಮಸ್ಕಾರ. ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೋಸ್ಕರ ಇಂಟರ್ನೆಟ್ ಬೆಳೆದು ಬಂದದ್ದರ ಬಗ್ಗೆ ಒಂದು ಲೇಖನ ಬರೀತಾ ಇದ್ದೇನೆ, ಬ್ಯಾಂಡ್‌ವಿಡ್ತ್ (ಒಂದು ಸೆಕೆಂಡಿಗೆ ಎಷ್ಟು ಡೇಟಾ ಹೋಗ್ಬಹುದು ಅನ್ನೋದು), ಲೇಟೆನ್ಸಿ (ಡೇಟಾ ದಾರಿ ಸಾಗ್ಲಿಕ್ಕೆ ಹಿಡಿಯುವ ಸಮಯ) ಇವೆರಡಕ್ಕೆ ಕನ್ನಡ ಪದ ಸಿಗದೆ ಅಲ್ಲಿಗೇ ನಿಂತಿದೆ.

1996ರಲ್ಲಿ ಅಮೆರಿಕ ಸರ್ಕಾರ ‘ನೆಕ್ಸ್ಟ್ ಜನರೇಶನ್ ಇಂಟರ್ನೆಟ್’ ಅಂತ ಒಂದು ಸಂಶೋಧನಾ ಯೋಜನೆ ಘೋಷಣೆ ಮಾಡ್ತು. ಕಡಿಮೆ ಅಂದ್ರೂ 100 ಯೂನಿವರ್ಸಿಟಿ, ಲ್ಯಾಬುಗಳನ್ನು ಆಗಿನ ಇಂಟರ್ನೆಟ್ಟಿನ 100 ಪಟ್ಟು ಸ್ಪೀಡಿನಲ್ಲಿ, ಕೆಲವನ್ನು 1000 ಪಟ್ಟಿನಲ್ಲಿ ಜೋಡಿಸ್ಬೇಕು ಅಂತ ಗುರಿ. ನಮ್ಮಲ್ಲಿ 2010ರಲ್ಲಿ ಯೂನಿವರ್ಸಿಟಿ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ 5,990 ಕೋಟಿ ರೂಪಾಯಿಯ ನ್ಯಾಷನಲ್ ನಾಲೆಜ್ ನೆಟ್‌ವರ್ಕಿಗೆ ಕೇಂದ್ರ ಒಪ್ಪಿಗೆ ಕೊಡ್ತು, ನಮ್ಮ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಕೂಡ ಅದ್ರಲ್ಲಿ ಉಂಟು.

ಈಗ ‘100 ಪಟ್ಟು ವೇಗ’ ಅಂತ ಬರೆದ್ರೆ ಮಕ್ಕಳು ಎಂತ ತಿಳ್ಕೊಳ್ತಾರೆ? ಸಿಗ್ನಲ್ಲೇ 100 ಪಟ್ಟು ಜೋರಾಗಿ ಓಡ್ತದೆ ಅಂತ. ಹಾಗಲ್ಲ ಅಲ್ವಾ, ಡೇಟಾ ಹೊತ್ತೊಯ್ಯುವ ಗಾಜಿನ ಎಳೆ, ಅಂದ್ರೆ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗ್ತದೆ, ಯಾವ ಸರ್ಕಾರ ಎಷ್ಟು ದುಡ್ಡು ಹಾಕಿದ್ರೂ ಆ ಗಾಜಿನಲ್ಲಿ ಅದು ಅಷ್ಟೇ. ಮಂಗಳೂರಿನಿಂದ ದೆಹಲಿಗೆ ನೇರ ಗೆರೆ ಎಳೆದ್ರೂ 1,750 ಕಿ.ಮೀ. ಹತ್ರ ಆಗ್ತದೆ, ಪಿಂಗ್ (ಉತ್ತರ ಬರ್ತದಾ ಅಂತ ನೋಡ್ಲಿಕ್ಕೆ ಕಳಿಸುವ ಸಣ್ಣ ಸಂದೇಶ) ಹೋಗಿ ಬರ್ಲಿಕ್ಕೆ 17-18 ಮಿಲಿಸೆಕೆಂಡ್ ಬೇಕೇ ಬೇಕು. ಹೆಚ್ಚಾದದ್ದು ಒಂದು ಸೆಕೆಂಡಿಗೆ ಎಷ್ಟು ಡೇಟಾ ತುಂಬಿಸಿ ಕಳಿಸ್ಬಹುದು ಅನ್ನೋದು. ಹೈವೇ ಎರಡು ಲೇನ್ ಇದ್ದದ್ದು ನಾಲ್ಕಾದ ಹಾಗೆ, ಗಾಡಿ ಜಾಸ್ತಿ ಹೋಗ್ತದೆ, ಊರು ಹತ್ರ ಬರೋದಿಲ್ಲ.

ಹಾಗಾಗಿ ಬ್ಯಾಂಡ್‌ವಿಡ್ತಿಗೆ ‘ಹರವು’ ಅನ್ಬಹುದಾ? ಬಾಯಲ್ಲಿ ಹಗುರ ಉಂಟು, ಅಗಲ ಅನ್ನೋ ಅರ್ಥವೂ ಬರ್ತದೆ, ಆದ್ರೆ ‘ಹರಿವು’ ಅಂತ ತಪ್ಪಾಗಿ ಓದಿಯಾರು ಅಂತ ಹೆದರಿಕೆ. ‘ಸಾಗಣೆ ಸಾಮರ್ಥ್ಯ’ ಸರಿಯೇ, ಸ್ವಲ್ಪ ಲಾರಿ ಆಫೀಸಿನ ಮಾತಿನ ಹಾಗೆ ಕೇಳ್ತದೆ.

ಲೇಟೆನ್ಸಿಗೆ ಪೇಪರಿನವ್ರು ‘ವಿಳಂಬ’ ಹಾಕ್ತಾರೆ, ಅದು ನನಗೆ ಒಪ್ಪೋದಿಲ್ಲ. ವಿಳಂಬ ಅಂದ್ರೆ ಬರ್ಬೇಕಾದ ಹೊತ್ತು ದಾಟಿ ಬರೋದು, ಟ್ರೈನ್ ಲೇಟ್ ಆದ ಹಾಗೆ. ಎಲ್ಲ ಸರಿ ಇದ್ದಾಗ್ಲೂ ದಾರಿಗೆ ಹಿಡಿಯುವ ಸಮಯಕ್ಕೆ ವಿಳಂಬ ಅಂತ ಹೇಗೆ ಹೇಳೋದು ಮಾರಾಯ್ರೆ? ನಾನು ಸದ್ಯಕ್ಕೆ ‘ಸಾಗುವ ಹೊತ್ತು’ ಅಂತ ಬರೆದಿಟ್ಟಿದ್ದೇನೆ.

ಟೆಲಿಕಾಂನಲ್ಲಿ ಇರುವವ್ರು, ಫೈಬರ್ ಸ್ಪ್ಲೈಸಿಂಗ್ (ಫೈಬರಿನ ತುದಿ ಜೋಡಿಸುವ ಕೆಲಸ) ಮಾಡುವವ್ರು ಯಾರಾದ್ರೂ ಇಲ್ಲಿದ್ರೆ, ಕೆಲಸದ ಜಾಗದಲ್ಲಿ ಇವೆರಡಕ್ಕೆ ನೀವು ಕನ್ನಡದಲ್ಲೋ ತುಳುವಿನಲ್ಲೋ ಎಂತ ಹೇಳ್ತೀರಿ ಅಂತ ದಯವಿಟ್ಟು ತಿಳಿಸಿ.